ಪ್ರಸೂತಿಗೃಹದ ಹೊಸ್ತಿಲಲ್ಲಿ ತಂದೆ: ಶಿರಾ ಗೇಟಿನಿಂದ ಒಂದು ಚಾರಿತ್ರಿಕ ಅವಲೋಕನ

ಶಿರಾ ರಸ್ತೆಯಿಂದ ತುಮಕೂರು ನಗರವನ್ನು ಪ್ರವೇಶಿಸುವವರಿಗೆ ಎದುರಾಗುವುದು ಶಿರಾ ಗೇಟು. ಸುಮಾರು 50 ಕಿಲೋಮೀಟರು ದೂರದ ಶಿರಾದಿಂದಲೂ ನಡುವಣ ಹಳ್ಳಿಗಳಿಂದಲೂ ಹೆರಿಗೆಗೆಂದು ನಗರದ ಆಸ್ಪತ್ರೆಗಳಿಗೆ ಬರುವವರ ದಾರಿ ಇದೇ. ವಾಹನದೊಳಗೆ ಗರ್ಭಿಣಿ, ಆಕೆಯ ತಾಯಿ ಅಥವಾ ಅತ್ತೆ, ಕೆಲವೊಮ್ಮೆ ಆಶಾ ಕಾರ್ಯಕರ್ತೆ. ಅವರ ಹಿಂದೆ ಗಂಡ. ಆಸ್ಪತ್ರೆಯನ್ನು ಸೇರಿದೊಡನೆ ಹೆಂಗಸರು ಒಳಗೆ ಹೋಗುವರು. ಗಂಡ ಬಾಗಿಲಲ್ಲಿಯೇ ನಿಲ್ಲುವನು. ಹೀಗೆ ನಿಲ್ಲುವುದನ್ನು ನಾವು ಸಾಮಾನ್ಯವಾಗಿ ಅನಾದಿಯಿಂದ ಬಂದ ಸಂಪ್ರದಾಯವೆಂದು ಭಾವಿಸುತ್ತೇವೆ. ಅದು ಹಾಗಲ್ಲವೆಂದೂ, ಎರಡು ಬೇರೆ ಬೇರೆ ಇತಿಹಾಸಗಳು ಒಂದೆಡೆ ಸಂಧಿಸಿದುದರ ಫಲವೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯದು ಮನೆಯ ಇತಿಹಾಸ. ನಮ್ಮ ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರುಮನೆಯ ಹೊಣೆ. ಹೆರಿಗೆಯ ಹೊತ್ತಿಗೆ ಗಂಡ ತನ್ನ ಊರಿನಲ್ಲಿರುತ್ತಿದ್ದನು. ಸುದ್ದಿ ತಲಪಿ, ಪುರುಡು ಕಳೆದ ಮೇಲೆ ಮಗುವನ್ನು ನೋಡಲು ಹೋಗುತ್ತಿದ್ದನು. ಹೆರಿಗೆಯ ವಿದ್ಯೆ ಸಂಪೂರ್ಣವಾಗಿ ಹೆಂಗಸರದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರೆಂದು ಪ್ರಸಿದ್ಧರು. ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆ ವ್ಯವಸ್ಥೆಯಲ್ಲಿ ತಂದೆಯಾಗುವವನು ದೂರದಲ್ಲಿದ್ದನೇ ಹೊರತು ಬಾಗಿಲಲ್ಲಿ ಕಾಯುತ್ತಿರಲಿಲ್ಲ. ಅವನು ನಿರ್ಧರಿಸಬೇಕಾದದ್ದೂ ಏನೂ ಇರಲಿಲ್ಲ. ಹಾಗೆಂದು ಹಳೆಯದೆಲ್ಲವೂ ಹಿತವಾಗಿತ್ತೆಂದು ನಾವು ಹೇಳುವುದಿಲ್ಲ. ಕಾಡುಗೊಲ್ಲರಲ್ಲಿ ಬಾಣಂತಿಯನ್ನೂ ಶಿಶುವನ್ನೂ ಹಟ್ಟಿಯ ಹೊರಗೆ ಗುಡಿಸಲಿನಲ್ಲಿರಿಸುವ ಪದ್ಧತಿಯುಂಟು. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನಲ್ಲಿಯೇ ಹೀಗೆ ಹೊರಗಿರಿಸಿದ್ದ ಶಿಶುವೊಂದು ಅಸುನೀಗಿತು.

ಎರಡನೆಯದು ಆಸ್ಪತ್ರೆಯ ಇತಿಹಾಸ. 1885ರಲ್ಲಿ ಲೇಡಿ ಡಫರಿನ್ ಅವರ ಹೆಸರಿನ ನಿಧಿಯು ಸ್ಥಾಪಿತವಾದಾಗ, ಹೆಂಗಸರಿಗೆ ಹೆಂಗಸರಿಂದಲೇ ವೈದ್ಯಸಹಾಯ ದೊರಕಿಸುವುದು ಅದರ ಗುರಿಯಾಗಿತ್ತು. ಪರಪುರುಷರ ಕಣ್ಣಿಗೆ ಬೀಳಲೊಲ್ಲದ ಸ್ತ್ರೀಯರು ಆಸ್ಪತ್ರೆಗೆ ಬರಬೇಕಾದರೆ ಗಂಡಸರು ಹೊರಗಿರುವರೆಂಬ ಭರವಸೆ ಬೇಕಾಗಿತ್ತು. ಮೈಸೂರು ಸಂಸ್ಥಾನದಲ್ಲಿಯೂ ಸ್ತ್ರೀಯರಿಗೆಂದೇ ಪ್ರತ್ಯೇಕ ಆಸ್ಪತ್ರೆಗಳು ಏರ್ಪಟ್ಟವು; 1935ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಾಣಿ ವಿಲಾಸ ಆಸ್ಪತ್ರೆ ಅವುಗಳಲ್ಲಿ ಪ್ರಮುಖವಾದುದು. ಹೀಗೆ ನೋಡಿದರೆ, ಮುಚ್ಚಿದ ಬಾಗಿಲು ತಂದೆಗೆ ಮಾಡಿದ ಅವಮಾನವಲ್ಲ. ತಾಯಿಗೆ ಕೊಟ್ಟ ಅಭಯ.

ಈ ಎರಡು ಇತಿಹಾಸಗಳೂ ನಮ್ಮ ಕಣ್ಣೆದುರಿನಲ್ಲಿಯೇ ಒಂದಾದುವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 2005–06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡ 65ರಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019–21ರ ವೇಳೆಗೆ ಈ ಪ್ರಮಾಣ ಶೇಕಡ 97ಕ್ಕೆ ಏರಿತು. 2005ರ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108ರ ಆಂಬ್ಯುಲೆನ್ಸ್ ಸೇವೆ ಮೊದಲಾದುವು ಈ ಬದಲಾವಣೆಗೆ ನೆರವಾದುವು. ತವರಿನ ದೂರ ಅಳಿಯಿತು. ಗಂಡನು ಆಸ್ಪತ್ರೆಯವರೆಗೆ ಬಂದನು. ಆದರೆ ಒಳಗೆ ಅವನಿಗೆ ಸ್ಥಳವಿರಲಿಲ್ಲ. ಹೊರಗೆ ಮಾತ್ರ ಕೆಲಸಗಳು ಕೂಡಿಕೊಂಡವು: ಔಷಧಿ ತರುವುದು, ರಕ್ತ ಹೊಂದಿಸುವುದು, ಹಣ ಕಟ್ಟುವುದು, ತಾಯಿ ಕಾರ್ಡನ್ನೂ ಆಧಾರ್ ಚೀಟಿಯನ್ನೂ ಒದಗಿಸುವುದು, ರುಜು ಹಾಕುವುದು. ಈ ಹೊರಗಣ ಓಡಾಟ ಕ್ಷುಲ್ಲಕವೆಂದು ತಿಳಿಯಲಾಗದು. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿಯೇ, ಈ ಕಾಗದಗಳಿಲ್ಲವೆಂಬ ಕಾರಣದಿಂದ ಆಸ್ಪತ್ರೆಯಲ್ಲಿ ದಾಖಲಾಗದೆ ಹಿಂದಿರುಗಿದಳೆಂದು ವರದಿಯಾದ ಗರ್ಭಿಣಿಯೊಬ್ಬಳು ಮನೆಯಲ್ಲಿ ಹೆತ್ತು, ಅವಳಿ ಶಿಶುಗಳೊಡನೆ ಮರಣ ಹೊಂದಿದಳು. ಪರವಾಗಿ ಮಾತನಾಡುವವರಿಲ್ಲದ ಹೆಣ್ಣಿನ ಪಾಡು ಏನಾಗಬಹುದೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ರುಜುವಿನ ವಿಷಯವನ್ನು ಪ್ರತ್ಯೇಕವಾಗಿ ಗಮನಿಸಬೇಕು. ನಾವೂ ಒಂದು ರಾತ್ರಿ ಅಂಥ ಬಾಗಿಲಲ್ಲಿ ನಿಂತವರೇ. ನಡುರಾತ್ರಿ ಕಳೆದ ಮೇಲೆ ದಾದಿಯೊಬ್ಬರು ಕಾಗದವನ್ನು ಮುಂದೆ ಹಿಡಿದು ಬೆರಳಿನಿಂದ ಸ್ಥಳವನ್ನು ತೋರಿಸಿದರು. ನಾವು ಓದದೆಯೇ ರುಜು ಹಾಕಿದೆವು. ಹಳೆಯ ಶಾಸನಗಳ ಒಂದೊಂದಕ್ಷರವನ್ನೂ ಪರೀಕ್ಷಿಸಬೇಕೆಂದು ತರಗತಿಯಲ್ಲಿ ಬೋಧಿಸುವ ನಮಗೆ, ಶಸ್ತ್ರಚಿಕಿತ್ಸೆ ಏತಕ್ಕೆಂದು ಕೇಳುವ ಧೈರ್ಯವೂ ಬರಲಿಲ್ಲ. ವಾಸ್ತವವಾಗಿ, ಪ್ರಾಪ್ತವಯಸ್ಕಳೂ ಪ್ರಜ್ಞೆಯುಳ್ಳವಳೂ ಆದ ರೋಗಿಯ ಬದಲು ಬೇರೊಬ್ಬರು ಕೊಟ್ಟ ಒಪ್ಪಿಗೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಒಪ್ಪಿಗೆ ಹೆಂಡತಿಯದು, ವಿಷಯವನ್ನು ಅರಿತು ಆಕೆಗೆ ಒತ್ತಾಸೆಯಾಗಿ ನಿಲ್ಲುವುದು ಗಂಡನ ಪಾಲಿನದು. ಹೊರಗೆ ನಿಂತವನಿಗೆ ರುಜು ಉಂಟು, ಅರಿವಿಲ್ಲ ಎಂಬುದೇ ಈ ಅನುಭವದ ತಿರುಳು.

ಈ ಸ್ಥಿತಿ ಬದಲಾಗದುದಲ್ಲ. ಇಂಗ್ಲೆಂಡಿನಲ್ಲಿಯೂ 1950ರ ದಶಕದಲ್ಲಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಗಂಡಂದಿರ ಪ್ರವೇಶ ವಿರಳವಾಗಿತ್ತು. ಮುಂದಿನ ದಶಕಗಳಲ್ಲಿ ಅದು ವಾಡಿಕೆಯಾಯಿತು. ಭಾರತ ಸರ್ಕಾರವು 2016ರಲ್ಲಿ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗಾರರಿಗೆ ಅನುಮತಿ ನೀಡಿತು. ಅದರಂತೆ ಜೊತೆಗಾರರು ಬಂಧುಸ್ತ್ರೀಯರಾಗಿರಬೇಕು; ಹೆರಿಗೆ ಕೋಣೆಯಲ್ಲಿ ಖಾಸಗಿತನದ ಏರ್ಪಾಡು ಇರುವೆಡೆಗಳಲ್ಲಿ ಮಾತ್ರ ಗಂಡನಿಗೆ ಅವಕಾಶ. ಈ ನಿಬಂಧನೆ ನ್ಯಾಯವಾದುದೇ. ಸಾಲುಮಂಚಗಳ ಕೋಣೆಯಲ್ಲಿ ಒಬ್ಬಳ ಗಂಡ ಪಕ್ಕದವಳಿಗೆ ಪರಪುರುಷನಷ್ಟೆ. ಆದ್ದರಿಂದ ತಂದೆಯ ಪ್ರವೇಶಕ್ಕೆ ಅಡ್ಡಿಯಾಗಿರುವುದು ಆಚಾರಕ್ಕಿಂತಲೂ ಹೆಚ್ಚಾಗಿ ಒಂದು ಪರದೆಯ, ಒಂದು ಗೋಡೆಯ ಅಭಾವ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿಯೂ ಮುಖ್ಯವಾದುದು ಹೆರುವವಳ ಆಯ್ಕೆ. ಆಕೆ ತಾಯಿಯನ್ನು ಬಯಸಿದರೆ ತಾಯಿ, ಗಂಡನನ್ನು ಬಯಸಿದರೆ ಗಂಡ.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ಆಸ್ಪತ್ರೆಯ ದಾಖಲೆಯಲ್ಲಿ ತಂದೆ ಒಂದು ಹೆಸರು, ಒಂದು ರುಜು. ಅವನು ಕಾದ ಗಂಟೆಗಳು ಯಾವ ಕಡತದಲ್ಲಿಯೂ ಇಲ್ಲ. ಅವು ಉಳಿದಿರುವುದು ನೆನಪಿನಲ್ಲಿ ಮಾತ್ರ. ನಮ್ಮ ತಂದೆ ತಾತಂದಿರನ್ನು ಕೇಳೋಣ: ನಾವು ಹುಟ್ಟಿದಾಗ ಅವರು ಎಲ್ಲಿದ್ದರು, ಸುದ್ದಿ ಯಾರಿಂದ ತಿಳಿಯಿತು, ಏನನ್ನು ಕೇಳಬೇಕೆಂದು ಬಯಸಿ ಕೇಳದೆ ಉಳಿದರು? ಅವರ ಉತ್ತರಗಳನ್ನು ಬರೆದಿಡೋಣ. ಹಾಗೆಯೇ ತಾಯಂದಿರನ್ನೂ ಕೇಳೋಣ: ಆ ಹೊತ್ತಿನಲ್ಲಿ ಯಾರು ಪಕ್ಕದಲ್ಲಿರಬೇಕೆಂದು ಅವರು ಬಯಸಿದ್ದರು? ಬಾಗಿಲು ಯಾರಿಗೆ ತೆರೆಯಬೇಕೆಂಬುದನ್ನು ಹೇಳತಕ್ಕವರು ಅವರೇ.