ಪರೀಕ್ಷೆಗೆ ರೋಗಿಗಳಿಲ್ಲದ ಕಾಯಿಲೆಗೆ ಮದ್ದು

ಅಲ್ಪಾವಧಿಯಲ್ಲಿ ದೇಹದ ಬಹುಭಾಗದ ಮೇಲೆ ಅಧಿಕ ವಿಕಿರಣ ಬಿದ್ದಾಗ ಉಂಟಾಗುವ ರೋಗಾವಸ್ಥೆಗೆ ತೀವ್ರ ವಿಕಿರಣ ಕಾಯಿಲೆ ಎಂದು ಹೆಸರು. ಅಂಗಾಂಶಗಳು ಹೀರಿಕೊಂಡ ವಿಕಿರಣಶಕ್ತಿಯನ್ನು ‘ಗ್ರೇ’ ಎಂಬ ಮಾನದಲ್ಲಿ ಅಳೆಯುತ್ತಾರೆ. ಆ ಪ್ರಮಾಣ ಸುಮಾರು 1 ಗ್ರೇ ದಾಟಿದಾಗ ಕಾಯಿಲೆಯ ಲಕ್ಷಣಗಳು ತೋರುತ್ತವೆ. ಚಿಕಿತ್ಸೆಯೇ ಸಿಗದಿದ್ದರೆ, 3.5ರಿಂದ 4 ಗ್ರೇ ತಗುಲಿದವರಲ್ಲಿ ಅರ್ಧದಷ್ಟು ಮಂದಿ ಎರಡು ತಿಂಗಳೊಳಗೆ ಸಾಯುತ್ತಾರೆಂಬುದು ತಜ್ಞರ ಅಂದಾಜು.

ವಿಕಿರಣದ ಪೆಟ್ಟು ಹೆಚ್ಚಾಗಿ ಬೀಳುವುದು ಬೇಗ ಬೇಗ ವಿಭಜನೆಗೊಳ್ಳುವ ಜೀವಕೋಶಗಳ ಮೇಲೆ. ಮೂಳೆಗಳ ಒಳಗಿದ್ದು ರಕ್ತಕಣಗಳನ್ನು ಉತ್ಪಾದಿಸುವ ಅಸ್ಥಿಮಜ್ಜೆ ಮೊದಲು ಕುಸಿಯುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ, ಕೆಲವೇ ದಿನಗಳಿಗೊಮ್ಮೆ ಹೊಸದಾಗುವ ಕರುಳಿನ ಒಳಪದರವೂ ಕಳಚಿಹೋಗುತ್ತದೆ. ವಾಂತಿ ಮತ್ತು ಸುಸ್ತಿನಿಂದ ಆರಂಭವಾಗುವ ಕಾಯಿಲೆ ನಡುವೆ ಕೆಲವು ದಿನ ಅಥವಾ ವಾರಗಳ ಕಾಲ ತಣ್ಣಗಾದಂತೆ ತೋರಿ, ರೋಗಿ ಚೇತರಿಸಿಕೊಂಡನೆಂಬ ಭ್ರಮೆ ಹುಟ್ಟಿಸುತ್ತದೆ. ಆದರೆ ಆ ಹೊತ್ತಿಗೆ ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳೂ ರಕ್ತಸ್ರಾವವನ್ನು ತಡೆಯುವ ಪ್ಲೇಟ್‌ಲೆಟ್‌ಗಳೂ ಒಳಗೊಳಗೇ ಕಡಿಮೆಯಾಗುತ್ತಿರುತ್ತವೆ. ಸಾವು ಬರುವುದು ಸಾಮಾನ್ಯವಾಗಿ ಈ ಎರಡು ಕೊರತೆಗಳ ಮೂಲಕವೇ.

ಕೆಟ್ಟ ಮಜ್ಜೆಯ ಬದಲು ಹೊಸ ಮಜ್ಜೆಯನ್ನು ಕೊಡುವ ಪ್ರಯತ್ನ 1958ರಲ್ಲಿಯೇ ನಡೆಯಿತು. ಯುಗೊಸ್ಲಾವಿಯದ ವಿಂಚಾ ಸಂಶೋಧನಾ ಕೇಂದ್ರದಲ್ಲಿ ವಿಕಿರಣಕ್ಕೆ ಸಿಲುಕಿದ ಆರು ಮಂದಿಯನ್ನು ಪ್ಯಾರಿಸ್‌ಗೆ ಒಯ್ದಾಗ, ವೈದ್ಯ ಜಾರ್ಜ್ ಮಾತೆ ಅವರಲ್ಲಿ ಐವರಿಗೆ ದಾನಿಗಳ ಮಜ್ಜೆ ನೀಡಿದರು. ಆರರಲ್ಲಿ ಐವರು ಉಳಿದರು. ಆದರೆ 1986ರ ಚೆರ್ನೋಬಿಲ್ ದುರಂತ ಈ ವಿಧಾನದ ಮಿತಿಯನ್ನು ತೋರಿಸಿತು. ಅಲ್ಲಿ 134 ಮಂದಿಗೆ ಕಾಯಿಲೆ ಇರುವುದು ಖಚಿತವಾಗಿ, 28 ಮಂದಿ ಮೊದಲ ಕೆಲವು ತಿಂಗಳಲ್ಲೇ ಮೃತಪಟ್ಟರು. ಮಾಸ್ಕೋದ ಆರನೆಯ ಆಸ್ಪತ್ರೆಯಲ್ಲಿ 13 ಮಂದಿಗೆ ಮಜ್ಜೆಯ ಕಸಿ ಮಾಡಲಾಯಿತಾದರೂ ಅವರಲ್ಲಿ ಬಹುತೇಕರು ಬದುಕಲಿಲ್ಲ, ಏಕೆಂದರೆ ಕಸಿ ಮಜ್ಜೆಯನ್ನು ಸರಿಪಡಿಸಬಹುದೇ ಹೊರತು ಸುಟ್ಟ ಚರ್ಮವನ್ನಾಗಲಿ ಹಾನಿಗೊಂಡ ಕರುಳನ್ನಾಗಲಿ ಅಲ್ಲ. ಅಳಿದುಳಿದ ಮಜ್ಜೆಯನ್ನೇ ಚುರುಕುಗೊಳಿಸುವ ಮಾರ್ಗವೇ ಹೆಚ್ಚು ಮಂದಿಗೆ ಉಪಯುಕ್ತ ಎಂಬ ವಿಚಾರಕ್ಕೆ ಇದರ ನಂತರ ಬಲ ಬಂದಿತು.

ಅದಕ್ಕೆ ಬೇಕಾದ ಸಾಧನ ಕ್ಯಾನ್ಸರ್ ಚಿಕಿತ್ಸೆಯಿಂದ ದೊರೆಯಿತು. ಬಿಳಿ ರಕ್ತಕಣಗಳ ಉತ್ಪಾದನೆಯನ್ನು ಪ್ರಚೋದಿಸುವ ಪ್ರೋಟೀನುಗಳು ದೇಹದಲ್ಲಿ ಸಹಜವಾಗಿಯೇ ಇವೆ. ಅವುಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಕೀಮೋಥೆರಪಿಯಿಂದ ಬಿಳಿಕಣ ಇಳಿದವರಿಗೆ ಚುಚ್ಚುಮದ್ದಾಗಿ ಕೊಡುವುದು ಇಂದು ವಾಡಿಕೆಯಾಗಿದೆ. ಇಂತಹ ಒಂದು ಔಷಧವಾದ ಪೆಗ್‌ಫಿಲ್‌ಗ್ರಾಸ್ಟಿಮ್‌ನ ಸಮಾನ ರೂಪಕ್ಕೆ ಬೆಂಗಳೂರಿನ ಬಯೋಕಾನ್ ಮತ್ತು ಅದರ ಪಾಲುದಾರ ಸಂಸ್ಥೆ ಮೈಲಾನ್ 2018ರಲ್ಲಿ ಅಮೆರಿಕದ ಅನುಮತಿ ಪಡೆದವು. ವಿಕಿರಣ ಅಪಘಾತದಲ್ಲಿ ಈ ವರ್ಗದ ಪ್ರೋಟೀನನ್ನು ಮೊದಲು ಬಳಸಿದ್ದು 1987ರಲ್ಲಿ, ಬ್ರೆಜಿಲ್‌ನ ಗೊಯಾನಿಯಾದಲ್ಲಿ. ಪಾಳುಬಿದ್ದ ಚಿಕಿತ್ಸಾಲಯದಿಂದ ಹೊರಬಂದ ವಿಕಿರಣಶೀಲ ಸೀಸಿಯಂ ತುಂಬಿದ ಉಪಕರಣವನ್ನು ಒಡೆದದ್ದರಿಂದ ಅಲ್ಲಿ ನಾಲ್ವರು ಸತ್ತರು.

ಇಷ್ಟಾದರೂ ಔಷಧದ ಪರಿಣಾಮವನ್ನು ಸಾಬೀತುಪಡಿಸುವುದು ಸುಲಭವಿರಲಿಲ್ಲ. ಆರೋಗ್ಯವಂತರನ್ನು ಮಾರಕ ವಿಕಿರಣಕ್ಕೆ ಒಡ್ಡಿ ಪರೀಕ್ಷಿಸುವುದು ಘೋರ ಅಪರಾಧ. ಅಪಘಾತಗಳೋ ಎಲ್ಲೋ ಒಮ್ಮೆ, ಪ್ರತಿಸಲ ಬೇರೆ ಬೇರೆ ರೀತಿಯಲ್ಲಿ ಸಂಭವಿಸುತ್ತವೆ. ಈ ಇಕ್ಕಟ್ಟಿಗೆ ಉತ್ತರವಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2002ರಲ್ಲಿ, ಪ್ರಾಣಿಗಳಲ್ಲಿ ಸಿದ್ಧವಾದ ಪರಿಣಾಮ ಹಾಗೂ ಮನುಷ್ಯರಲ್ಲಿ ತಿಳಿದಿರುವ ಸುರಕ್ಷತೆಯ ಆಧಾರದ ಮೇಲೆಯೇ ಒಪ್ಪಿಗೆ ನೀಡಬಹುದಾದ ನಿಯಮವನ್ನು ತಂದಿತು. ಬಿಳಿಕಣ ಹೆಚ್ಚಿಸುವ ಫಿಲ್‌ಗ್ರಾಸ್ಟಿಮ್‌ಗೆ ವಿಕಿರಣ ಕಾಯಿಲೆಯ ಮದ್ದಾಗಿ 2015ರಲ್ಲಿ ಅನುಮತಿ ಸಿಕ್ಕಿದ್ದು ಈ ಹಾದಿಯಲ್ಲಿಯೇ: ರೀಸಸ್ ಕೋತಿಗಳ ಅಧ್ಯಯನದಲ್ಲಿ, ಔಷಧವಿಲ್ಲದವುಗಳಲ್ಲಿ ಶೇ 41ರಷ್ಟು ಮಾತ್ರ 60 ದಿನ ಬದುಕಿದ್ದರೆ, ಔಷಧ ಪಡೆದವುಗಳಲ್ಲಿ ಶೇ 79ರಷ್ಟು ಬದುಕಿದವು. ಪ್ರಾಣಿಗಳಿಗೆ ಕೊಟ್ಟ ಈ ಯಾತನೆ ಸಣ್ಣದಲ್ಲ. ಆದರೂ ಬೇರೆ ದಾರಿ ಇರಲಿಲ್ಲವೆಂದೇ ಹೇಳಬೇಕಾಗುತ್ತದೆ. ಮುಂದೆ ಅದೇ ವರ್ಗದ ಪೆಗ್‌ಫಿಲ್‌ಗ್ರಾಸ್ಟಿಮ್, ಸಾರ್ಗ್ರಾಮೊಸ್ಟಿಮ್, ಹಾಗೂ 2021ರಲ್ಲಿ ಪ್ಲೇಟ್‌ಲೆಟ್ ಹೆಚ್ಚಿಸುವ ರೊಮಿಪ್ಲೊಸ್ಟಿಮ್ ಇದೇ ನಿಯಮದ ಅಡಿಯಲ್ಲಿ ಒಪ್ಪಿಗೆ ಪಡೆದವು.

ಜನಸಾಮಾನ್ಯರು ವಿಕಿರಣದ ಮದ್ದೆಂದೇ ನಂಬಿರುವ ಪೊಟ್ಯಾಸಿಯಂ ಅಯೊಡೈಡ್ ಮಾತ್ರೆ ಈ ಸಾಲಿಗೆ ಸೇರುವುದಿಲ್ಲ. ಅದು ಥೈರಾಯ್ಡ್ ಗ್ರಂಥಿಯು ವಿಕಿರಣಶೀಲ ಅಯೊಡಿನ್ ಹೀರಿಕೊಳ್ಳದಂತೆ ತಡೆಯುತ್ತದೆ, ಅಷ್ಟೆ. ದೇಹದೊಳಗೆ ಸೇರಿದ ಸೀಸಿಯಂ ಅನ್ನು ಕರುಳಿನಲ್ಲಿ ಹಿಡಿದು ಮಲದ ಮೂಲಕ ಹೊರಹಾಕುವ ಪ್ರಷ್ಯನ್ ಬ್ಲೂ ಸಹ, ಆಗಿಹೋದ ಹಾನಿಯನ್ನು ಗುಣಪಡಿಸುವ ಔಷಧವಲ್ಲ.

ಭಾರತಕ್ಕೂ ಇದು ದೂರದ ಮಾತಲ್ಲ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಹಳೆಯ ವಿಕಿರಣ ಉಪಕರಣವೊಂದು ಹರಾಜಿನ ಮೂಲಕ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಹೋಗಿ, ಅದರಲ್ಲಿದ್ದ ಕೋಬಾಲ್ಟ್-60 ಬಯಲಾದಾಗ ಹಲವರು ಆಸ್ಪತ್ರೆ ಸೇರಿದರು, ಒಬ್ಬರು ಪ್ರಾಣ ಕಳೆದುಕೊಂಡರು. ಇಂತಹ ರೋಗಿಗೆ ಮಜ್ಜೆಯನ್ನು ಚುರುಕುಗೊಳಿಸುವ ಔಷಧ ಇಂದು ಉಂಟು, ಆದರೆ ಅದು ಬೇಗ ಕೊಟ್ಟಷ್ಟೂ ಫಲಕಾರಿಯಾದ್ದರಿಂದ ವೈದ್ಯರು ವಿಕಿರಣವನ್ನು ಮೊದಲೇ ಶಂಕಿಸಬೇಕಾಗುತ್ತದೆ. ಕರುಳಿನ ಹಾನಿಗೆ ಅನುಮೋದಿತ ಔಷಧ ಇನ್ನೂ ಒಂದೂ ಇಲ್ಲ. ಕೊಳ್ಳುವವರೇ ಇಲ್ಲದ ಇಂತಹ ಮದ್ದಿಗೆ ಕಂಪನಿಗಳು ತಾವಾಗಿ ಹಣ ಹೂಡಲಾರವು, ಆದ್ದರಿಂದ ಆ ವೆಚ್ಚವನ್ನು ಸರ್ಕಾರಗಳೇ ಹೊರಬೇಕು.