‘ಹಾರ್ಟ್‌ಬೀಟ್ ಕಾಣ್ತಿಲ್ಲ’ ಅಂದ್ರೆ ಎಲ್ಲಾ ಮುಗೀತಾ?

ಮುಟ್ಟು ನಿಂತಿದೆ, ಮನೆಯಲ್ಲೇ ಮಾಡಿಕೊಂಡ ಪರೀಕ್ಷೆಯಲ್ಲಿ ಎರಡು ಗೆರೆ ಬಂದಿದೆ. ಖುಷಿಯಿಂದ ಸ್ಕ್ಯಾನಿಂಗ್‌ಗೆ ಹೋದರೆ ಡಾಕ್ಟರು, ‘ಚೀಲ ಮಾತ್ರ ಇದೆ, ಹಾರ್ಟ್‌ಬೀಟ್ ಕಾಣ್ತಿಲ್ಲ. ಹತ್ತು ದಿನ ಬಿಟ್ಟು ಬನ್ನಿ’ ಅಂದುಬಿಡ್ತಾರೆ. ನನ್ನ ಮೊದಲ ಬಸಿರಲ್ಲೂ ಹೀಗೇ ಆಗಿತ್ತು. ಆಟೋದಲ್ಲಿ ಅಳುತ್ತಲೇ ಮನೆಗೆ ಬಂದೆ. ‘ಇನ್ನೇನು ಕಾಯೋದು, ಕ್ಲೀನ್ ಮಾಡಿಸಿಬಿಡು’ ಎಂದವರೂ ಇದ್ದರು.

ಅವಸರ ಬೇಡ. ಗರ್ಭದ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಸುಮಾರು 5ನೇ ವಾರಕ್ಕೆ ಗರ್ಭಚೀಲ, 6ನೇ ವಾರ ದಾಟುವ ಹೊತ್ತಿಗೆ ಭ್ರೂಣ, ಅದರ ಎದೆಬಡಿತ ಕಾಣುತ್ತದೆ. ಆದರೆ ಇದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. ನಿಮಗೆ 40 ದಿನಕ್ಕೊಮ್ಮೆ ಆಗುತ್ತಿದ್ದರೆ, ನೀವು 7 ವಾರ ಎಂದುಕೊಂಡದ್ದು ನಿಜಕ್ಕೂ 5 ವಾರ ದಾಟಿರುವುದಷ್ಟೇ! ಆದ್ದರಿಂದ ಮುಟ್ಟಿನ ತಾರೀಖು, ಎಷ್ಟು ದಿನದ ಅಂತರ ಎಂಬುದನ್ನು ಡಾಕ್ಟರಿಗೆ ಸರಿಯಾಗಿ ಹೇಳಿ. ಹೊಟ್ಟೆಯ ಮೇಲಿನ ಸ್ಕ್ಯಾನಿಂಗ್‌ಗಿಂತ ಯೋನಿಯ ಮೂಲಕ ಮಾಡುವುದರಲ್ಲಿ ಈ ಹಂತದ ಗರ್ಭ ಸ್ಪಷ್ಟವಾಗಿ ಕಾಣುತ್ತದೆ. ಸಂಕೋಚ ಬೇಡ.

ಹಾಗಾದರೆ ಗರ್ಭ ನಿಂತಿಲ್ಲ ಎಂದು ಖಚಿತವಾಗುವುದು ಯಾವಾಗ? ಯೋನಿಯ ಮೂಲಕ ನೋಡಿದಾಗ ಭ್ರೂಣ 7 ಮಿ.ಮೀ. ಅಥವಾ ಹೆಚ್ಚು ಉದ್ದವಿದ್ದೂ ಎದೆಬಡಿತ ಇಲ್ಲದಿದ್ದರೆ, ಇಲ್ಲವೇ ಚೀಲ ಸರಾಸರಿ 25 ಮಿ.ಮೀ. ಅಥವಾ ಹೆಚ್ಚು ಬೆಳೆದಿದ್ದೂ ಒಳಗೆ ಭ್ರೂಣವೇ ಕಾಣದಿದ್ದರೆ. ಮೊದಲು ಇದಕ್ಕಿಂತ ಚಿಕ್ಕ ಅಳತೆಗೇ ತೀರ್ಮಾನ ಹೇಳುತ್ತಿದ್ದರು. ಚೆನ್ನಾಗಿ ಬೆಳೆಯುತ್ತಿರುವ ಗರ್ಭವನ್ನೂ ತೆಗೆದುಬಿಡುವ ಅಪಾಯ ಇದರಲ್ಲಿದೆ ಎಂದು ಗೊತ್ತಾದ ಮೇಲೆ 2011ರಲ್ಲಿ ಬ್ರಿಟನ್ನಿನ, 2013ರಲ್ಲಿ ಅಮೆರಿಕದ ತಜ್ಞರು ಅಳತೆಯನ್ನು ಹೆಚ್ಚಿಸಿದರು. ಅಷ್ಟು ಬೆಳೆದಿಲ್ಲ ಎಂದರೆ 7ರಿಂದ 14 ದಿನ ಬಿಟ್ಟು ಮತ್ತೆ ಸ್ಕ್ಯಾನಿಂಗ್. ರಿಪೋರ್ಟಿನಲ್ಲಿ ಅಳತೆ ಎಷ್ಟಿದೆ ಅಂತ ಧೈರ್ಯವಾಗಿ ಕೇಳಿ.

ಆದರೆ ಒಂದು ಎಚ್ಚರಿಕೆ. ಕೆಳಹೊಟ್ಟೆಯ ಒಂದೇ ಕಡೆ ವಿಪರೀತ ನೋವು, ಭುಜದ ತುದಿಯಲ್ಲಿ ನೋವು, ತಲೆ ತಿರುಗುವುದು, ಜೋರು ರಕ್ತಸ್ರಾವ ಇದ್ದರೆ ಹತ್ತು ದಿನ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಗರ್ಭಕೋಶದ ಹೊರಗೆ, ನಾಳದಲ್ಲಿ ಗರ್ಭ ಕಟ್ಟಿದ್ದರೆ ಜೀವಕ್ಕೇ ಅಪಾಯ. ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗುವುದಂತೂ ಬೇಡವೇ ಬೇಡ.

ಹನ್ನೊಂದನೇ ದಿನ ನನ್ನ ಸ್ಕ್ಯಾನಿಂಗ್‌ನಲ್ಲಿ ಪುಟ್ಟ ಎದೆ ಪಟಪಟ ಬಡಿಯುತ್ತಿತ್ತು. ನನ್ನ ಓರಗಿತ್ತಿಗೆ ಹಾಗಾಗಲಿಲ್ಲ. ಭಾರ ಎತ್ತಿದೆ, ಪರಂಗಿ ತಿಂದೆ ಅಂತ ಅವಳು ತಿಂಗಳುಗಟ್ಟಲೆ ತನ್ನನ್ನೇ ಹಳಿದುಕೊಂಡಳು. ಆರಂಭದಲ್ಲೇ ಗರ್ಭ ನಿಲ್ಲದಿರುವುದಕ್ಕೆ ಹೆಚ್ಚಾಗಿ ಭ್ರೂಣದ ವರ್ಣತಂತುಗಳಲ್ಲಿನ ದೋಷವೇ ಕಾರಣ, ತಾಯಿಯ ತಪ್ಪಲ್ಲ. ಕಾಯುವ ಆ ದಿನಗಳಲ್ಲಿ ನಿಮ್ಮ ಮನೆಯವರಿಗೂ ಈ ಮಾತು ತಿಳಿಸಿ ಹೇಳಿ.