ಯಾವ ಬೆಟ್ಟ ಅಂತ ಮಾತ್ರ ಕೇಳಬೇಡಿ

ಪುಣೆಗೆ ಬಂದು ಹನ್ನೆರಡು ವರ್ಷ. ಮಳೆಗಾಲದ ಶನಿವಾರಗಳಲ್ಲಿ ಹಿಂಜವಡಿಯ ಗೆಳೆಯರ ಜೊತೆ ಬೆಟ್ಟ ಹತ್ತುವುದು ರೂಢಿ. ಕಳೆದ ಸೆಪ್ಟೆಂಬರಿನಲ್ಲಿ ಜುನ್ನರ್ ಕಡೆ ಹೋದಾಗ, ಗುಂಪಿನಲ್ಲಿದ್ದ ಸಸ್ಯಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಬೈನಾಕ್ಯುಲರ್ ಕೊಟ್ಟು ಕಡಿದಾದ ಬಂಡೆಯತ್ತ ಕೈ ತೋರಿಸಿದಳು. ಬಿರುಕಿನಿಂದ ಜೋತುಬಿದ್ದ ದಪ್ಪ ಕಾಂಡ, ನಕ್ಷತ್ರದಂಥ ಕಡುಗೆಂಪು ಹೂಗಳು, ಅವುಗಳ ಮೇಲೆ ಹಳದಿ ಮಚ್ಚೆ. ಮರಾಠಿಯಲ್ಲಿ ಇದು ‘ಶಿವಸುಮನ’.

ಫ್ರೇರಿಯಾ ಇಂಡಿಕಾ ಎಂಬ ಈ ಗಿಡ ಸಹಜವಾಗಿ ಬೆಳೆಯುವುದು ಮಹಾರಾಷ್ಟ್ರದ ಸಹ್ಯಾದ್ರಿಯ ಕೆಲವೇ ಬೆಟ್ಟಗಳಲ್ಲಿ. 1860ರ ದಶಕದಲ್ಲಿ ಇದನ್ನು ವಿವರಿಸಿದ ಡಾಲ್ಜೆಲ್, ಮುಂಬೈ ಗವರ್ನರ್ ಬಾರ್ಟಲ್ ಫ್ರೇರ್ ಹೆಸರಿಟ್ಟರು. 1980ರ ದಶಕದಲ್ಲಿ ಐಯುಸಿಎನ್ ಇದನ್ನು ಜಗತ್ತಿನ ಅತಿ ಅಪಾಯದಲ್ಲಿರುವ 12 ಸಸ್ಯಗಳಲ್ಲಿ ಸೇರಿಸಿತ್ತು.

ವಿಚಿತ್ರವೆಂದರೆ, ಕಡ್ಡಿ ನೆಟ್ಟರೆ ಇದು ಸುಲಭವಾಗಿ ಚಿಗುರುತ್ತದೆ. ವಿದೇಶಗಳ ಕುಂಡಗಳಲ್ಲೂ ಇದೆ. “ಮತ್ತೆ ಚಿಂತೆ ಯಾಕೆ?” ಎಂದೆ. ಒಂದೇ ಗಿಡದ ಕಡ್ಡಿಯಿಂದ ಬೆಳೆದ ನೂರು ಗಿಡಗಳೆಂದರೆ ಒಂದೇ ಫೈಲಿನ ನೂರು ಕಾಪಿ ಇದ್ದಂತೆ ಎಂದಳು. ಒಂದಕ್ಕೆ ಬಂದ ರೋಗ ನೂರಕ್ಕೂ ಬರಬಹುದು. ಬೇರೆ ಬೇರೆ ಬೆಟ್ಟಗಳ ಗಿಡಗಳು ಉಳಿದರಷ್ಟೇ ತಳಿವೈವಿಧ್ಯ ಉಳಿಯುತ್ತದೆ.

ಹಾಗಾಗಿ ಅಳಿವಿನ ಲೆಕ್ಕದಲ್ಲಿ ಕುಂಡದ ಗಿಡಗಳಿಗೆ ಜಾಗವಿಲ್ಲ. ಯಾವುದೇ ಜೀವಿಯ ಬಲಿತ ಸಂಖ್ಯೆ ಕಾಡಿನಲ್ಲಿ 250ಕ್ಕಿಂತ ಕಡಿಮೆಯಾದರೆ ಐಯುಸಿಎನ್ ಪ್ರಕಾರ ಅದು ಅಳಿವಿನಂಚಿನದು. 50ಕ್ಕಿಂತ ಕಡಿಮೆಯಾದರೆ ತೀವ್ರ ಅಳಿವಿನಂಚಿನದು. ಬೇಸಿಗೆಯಲ್ಲಿ ಶಿವಸುಮನದ ಎಲೆ ಉದುರಿ ಕಾಂಡ ಒಣಗಿದಂತೆ ಕಾಣುತ್ತದೆ. ಅಂದರೆ ಎಣಿಸಬೇಕಾದದ್ದು ಮಳೆಗಾಲದಲ್ಲಿ, ಜಾರುವ ಬಂಡೆಯ ಮೇಲೆ.

ಅಂದು ರಾತ್ರಿ ನಾನೊಂದು ಎಡವಟ್ಟು ಮಾಡಿದೆ. ಹೂವಿನ ಫೋಟೋವನ್ನು ಲೊಕೇಶನ್ ಸಮೇತ ಟ್ರೆಕಿಂಗ್ ಗ್ರೂಪಿಗೆ ಹಾಕಿದೆ. ಹತ್ತೇ ನಿಮಿಷದಲ್ಲಿ ಒಬ್ಬರು, “ನನ್ನ ಬಾಲ್ಕನಿಗೆ ಒಂದು ಕಡ್ಡಿ ತರಬಹುದಿತ್ತಲ್ಲ?” ಎಂದರು. ಮರುಕ್ಷಣ ಆ ಹುಡುಗಿಯ ಫೋನು: “ದಾದಾ, ಮೊದಲು ಅದನ್ನ ತೆಗೀರಿ.” ತೆಗೆದೆ. ಅಷ್ಟರಲ್ಲಿ ಎಷ್ಟು ಜನ ಸೇವ್ ಮಾಡಿಕೊಂಡಿದ್ದರೋ! ಬೆಂಕಿ, ಮೇವು, ಭೂಕುಸಿತದಿಂದ ಉಳಿದ ಗಿಡಕ್ಕೆ ನನ್ನಿಂದಲೇ ಕುತ್ತು ಬಂದರೆ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಇಂಥ ಗಿಡ ಕಂಡರೆ ಕೀಳುವುದಿಲ್ಲ. ಫೋಟೋ ಮತ್ತು ಜಾಗದ ವಿವರವನ್ನು ಸಸ್ಯತಜ್ಞರಿಗಷ್ಟೇ ಕೊಡುತ್ತೇನೆ. ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯ ಕೇಂದ್ರ ನಮ್ಮ ಪುಣೆಯಲ್ಲೇ ಇದೆ.

ನನ್ನೂರು ಸಿದ್ದಾಪುರ. ನಮ್ಮ ಕತ್ತಲೆಕಾನಿನ ಜೌಗಿನಲ್ಲಿರುವ ಹೊಳೆಗೇರು ಮರಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದೇ 2000ದಲ್ಲಿ. ಅದೂ ಬೆರಳೆಣಿಕೆಯ ಜಾಗಗಳಲ್ಲಷ್ಟೇ ಉಳಿದಿದೆ. ಇಷ್ಟು ವರ್ಷ ಅದನ್ನು ನೋಡಿಯೇ ಇಲ್ಲ. ಈ ದೀಪಾವಳಿಗೆ ಊರಿಗೆ ಹೋದಾಗ ನೋಡಬೇಕು, ಫೋನಿನ ಲೊಕೇಶನ್ ಆಫ್ ಮಾಡಿಕೊಂಡು.